ಟೈಲರಕ್ಕ ಕೈ ಕಟ್ಟಿ ಕುಳಿತದ್ದು

ಟೈಲರಕ್ಕನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಅವಳ ಎದುರಿಗೆ ಹೇಳಿದ್ದರೆ, ಅವರು ಹೊಲಿಯಲು ಕೊಟ್ಟ ಬಟ್ಟೆ ಮುಂದಿನ ವರ್ಷ ಕೈಗೆ ಸಿಗುತ್ತಿತ್ತು. ಅದಕ್ಕೇ ಬೀದಿಯವರು ಯಾರೂ ಹೇಳುತ್ತಿರಲಿಲ್ಲ. ಗಂಡನೊಬ್ಬನೇ ಹೇಳುತ್ತಿದ್ದ. ಬಸ್ ಡ್ರೈವರ್ ಆದ ಅವನ ಪ್ಯಾಂಟುಗಳು ಹೇಗಿದ್ದರೂ ವರ್ಷಗಟ್ಟಲೆ ಮೂಲೆಯಲ್ಲೇ ಬಿದ್ದಿರುತ್ತಿದ್ದರಿಂದ ಅವನಿಗೆ ಹೆದರಿಕೆ ಇರಲಿಲ್ಲ.

ಅವಳದು ಬೀದಿಗೆ ಬಾಗಿಲು ತೆರೆಯುವ ಮುಂದಿನ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಅದರ ಮಗ್ಗುಲಲ್ಲಿ ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಅರ್ಧಂಬರ್ಧ ಅಂಗಿಗಳು, ನೆಲದ ಮೇಲೆ ಎಷ್ಟು ಗುಡಿಸಿದರೂ ಮುಗಿಯದ ದಾರದ ತುಂಡುಗಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳವಾಡಬಲ್ಲ ಹೆಂಗಸು. ಕೈ ಮಾತ್ರ ಚಿನ್ನ. ಅವಳು ಹೊಲಿದದ್ದನ್ನು ತಿರುವಿ ನೋಡಿದರೆ ಯಾವುದು ಒಳಗು ಯಾವುದು ಹೊರಗು ಎಂದು ಥಟ್ಟನೆ ಗೊತ್ತಾಗುತ್ತಿರಲಿಲ್ಲ.

ಕೈ ಚಿನ್ನವಾದದ್ದೇ ಫಜೀತಿಗೆ ಮೂಲ. ಬೇರೆಯವರ ಕೆಟ್ಟ ಹೊಲಿಗೆ ಕಣ್ಣಿಗೆ ಬಿದ್ದರೆ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಕಾಲರು ಹೊಲಿಗೆ ಬಿಟ್ಟಿರುವುದನ್ನು ಕಂಡು, ಹೇಳದೆ ಕೇಳದೆ ಸೂಜಿ ತೆಗೆದು ಹೊಲಿದುಬಿಟ್ಟಳು. ಆ ಹೆಂಗಸು ಇಳಿಯಲು ಎದ್ದಾಗಲೇ ಗೊತ್ತಾದದ್ದು, ಕಾಲರಿನ ಜೊತೆಗೆ ಸೀಟಿನ ಕವರೂ ಸೇರಿಕೊಂಡಿದೆ ಎಂದು. ಬಸ್ಸು ಕುಲುಕಿದ್ದಕ್ಕೆ ಹಾಗಾಯಿತು, ಬಸ್ಸು ಓಡಿಸುತ್ತಿದ್ದವನು ತನ್ನ ಗಂಡನೇ, ಆದ್ದರಿಂದ ತಪ್ಪು ಅವನದೇ ಎಂದು ಇವತ್ತಿಗೂ ಅವಳ ವಾದ.

ಗಿರಾಕಿಗಳಿಗೆ ಅವಳು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಕಥೆಯಿತ್ತು. ಇರುವ ಒಬ್ಬಳೇ ಮಗಳು ಚಿಕ್ಕವಳಿದ್ದಾಗ ನೆಲದ ಮೇಲಿನ ಚೂರುಬಟ್ಟೆ ಆಯ್ದು ಗೊಂಬೆಗೊಂದು ಅಂಗಿ ಹೊಲಿದಿದ್ದಳು. ತೋಳು ಒಂದು ಕಡೆ, ಕತ್ತು ಇನ್ನೊಂದು ಕಡೆ. "ಶಾಲೆಗೆ ಹೋಗಿ ಬರೋದ್ರೊಳಗೆ ಅದನ್ನ ಪೂರ್ತಿ ಬಿಚ್ಚಿ, ನೆರಿಗೆ ಇಟ್ಟು, ಪುಟಾಣಿ ಗುಂಡಿ ಹಾಕಿ ರೆಡಿ ಮಾಡಿದ್ದೆ ನೋಡಿ. ಅಂಗಡಿಯಿಂದ ತಂದದ್ದು ಅಂದ್ಕೊಂಡ್ರು ಎಲ್ಲಾರೂ!" ಎಂದು ಹೇಳುವಾಗ ಅವಳ ಮುಖ ಅರಳುತ್ತಿತ್ತು. ಮಗಳು ಆಗ ಏನಂದಳು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಮಗಳು ಹೈಸ್ಕೂಲಿಗೆ ಬಂದವಳೇ ಗೈಡ್ಸ್ ಸೇರಿದಳು. ಸಮವಸ್ತ್ರವನ್ನು ಟೈಲರಕ್ಕನೇ ಹೊಲಿದಳು, ಜೇಬಿನ ಮುಚ್ಚಳಕ್ಕೆ ಯಾರೂ ಹಾಕದ ಎರಡನೆಯ ಹೊಲಿಗೆಯನ್ನೂ ಹಾಕಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಮನೆಯೊಳಗೆ ಕ್ಯಾಪ್ಟನ್ ಬಂದಳು.

ಬಂದಳು ಎಂದರೆ ಕಾಲಿಟ್ಟು ಬರಲಿಲ್ಲ, ಮಗಳ ಬಾಯಲ್ಲಿ ಬಂದಳು. ಗೈಡ್ಸ್ ಹುಡುಗಿಯರನ್ನು ನೋಡಿಕೊಳ್ಳುವ ಕ್ಯಾಪ್ಟನ್ ಇನ್ನೂ ಮೂವತ್ತು ತುಂಬದವಳು. ಹಗಲೆಲ್ಲ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಕೊಡುತ್ತಿದ್ದಳು, ಸಂಜೆ ಮತ್ತು ರಜಾದಿನ ಹುಡುಗಿಯರ ಜೊತೆ. "ಕ್ಯಾಪ್ಟನ್ ಹೇಳಿದ್ರು" ಎಂದು ಮಗಳು ಹೊದಿಕೆ ಮಡಿಸುವ ಕ್ರಮ ಬದಲಿಸಿದಳು. "ಕ್ಯಾಪ್ಟನ್ ಹೇಳಿದ್ರು" ಎಂದು ನೀರನ್ನು ಕೂತು ಕುಡಿದಳು. ಒಂದು ದಿನ ತಾನಾಗಿಯೇ ಉಗುರು ಕತ್ತರಿಸಿಕೊಂಡಾಗ ಟೈಲರಕ್ಕನ ತಾಳ್ಮೆ ಕಿತ್ತುಹೋಯಿತು.

"ಉಗುರು ಕತ್ತರಿಸು ಉಗುರು ಕತ್ತರಿಸು ಅಂತ ನಾನು ಎಷ್ಟು ವರ್ಷದಿಂದ ಬಾಯಿ ಬಡ್ಕೊಂಡೆ! ಆಗ ಕಿವಿಗೆ ಹತ್ತಿ ಇಟ್ಕೊಂಡಿದ್ಯಾ?"

"ನೀನು ಬೈತಾ ಹೇಳ್ತೀಯ. ಅವರು ಯಾಕೆ ಅಂತ ಹೇಳ್ತಾರೆ."

"ಮಾತ್ರೆ ಮಾರೋಳಿಗೆ ಯಾಕೆ ಅಂತ ಹೇಳೋಕೆ ಪುರುಸೊತ್ತಿದೆ. ನನಗಿಲ್ಲ!"

ಊಟ ಮಾಡುತ್ತಿದ್ದ ಗಂಡ ತಟ್ಟೆಯಿಂದ ತಲೆ ಎತ್ತದೆ, "ಎಲ್ಲೋ ಏನೋ ಸುಟ್ಟ ವಾಸನೆ" ಎಂದ. ಆ ವಾರವೂ ಅವನ ಪ್ಯಾಂಟು ಆಗಲಿಲ್ಲ.

ಹೀಗೆ ಒಳಗೊಳಗೇ ಹೊಗೆಯಾಡುತ್ತಿದ್ದದ್ದು ಹೊತ್ತಿಕೊಂಡದ್ದು ಆ ಪ್ರಾಜೆಕ್ಟಿನಿಂದ. ಮಗಳು ಮತ್ತು ಅವಳ ಮೂವರು ಗೆಳತಿಯರು ಗೈಡ್ಸ್‌ನ ದೊಡ್ಡ ಬ್ಯಾಡ್ಜಿಗೆ ಹೆಸರು ಕೊಟ್ಟಿದ್ದರು. ಆ ಬ್ಯಾಡ್ಜು ಒಬ್ಬೊಬ್ಬರಿಗೆ ಸಿಗುವಂಥದ್ದಲ್ಲ. ನಾಲ್ವರೂ ಸೇರಿ ಊರಿಗೆ ಉಪಯೋಗವಾಗುವ ಒಂದು ಕೆಲಸ ಮುಗಿಸಬೇಕು. ಸಿಕ್ಕರೆ ನಾಲ್ವರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ. ಆಸ್ಪತ್ರೆಯ ಎದುರಿನ ಬಸ್‌ ಸ್ಟಾಪಿನಲ್ಲಿ ಬೆಂಚು ಇತ್ತು, ನೆರಳು ಇರಲಿಲ್ಲ. ಹುಷಾರಿಲ್ಲದವರು ಬಿಸಿಲಲ್ಲಿ ತಲೆ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದರು. ಅಲ್ಲಿಗೊಂದು ದಪ್ಪ ಕ್ಯಾನ್ವಾಸಿನ ಚಪ್ಪರ ಹೊಲಿದು ಕಟ್ಟುವುದೆಂದು ಹುಡುಗಿಯರು ತೀರ್ಮಾನಿಸಿದರು.

ಹೊಲಿದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರಕ್ಕನ ಹೊಟ್ಟೆ ತಣ್ಣಗಾಯಿತು. ಇನ್ನು ಎಲ್ಲಿಗೆ ಹೋಗುತ್ತಾರೆ? ನನ್ನ ಬಾಗಿಲಿಗೇ ಬರಬೇಕು, ಆ ಕ್ಯಾಪ್ಟನ್ನೂ ಬರಬೇಕು ಎಂದು ಅವಳು ಮಿಷನ್ನಿಗೆ ಎಣ್ಣೆ ಬಿಟ್ಟಳು, ದಪ್ಪ ಸೂಜಿ ತಂದಿಟ್ಟಳು.

ಗೈಡ್ಸ್ ಕೋಣೆಯಲ್ಲಿ ತಂದೆತಾಯಿಯರ ಸಭೆ ನಡೆಯಿತು. ಶಾಲೆಯ ಹಿಂದಿನ ಉದ್ದನೆಯ ಕೋಣೆ ಅದು, ಗೋಡೆಗೆ ಹಗ್ಗದ ಗಂಟುಗಳ ಹಲಗೆ, ಮೂಲೆಯಲ್ಲಿ ಡೇರೆಯ ಗೂಟಗಳು. ಕ್ಯಾಪ್ಟನ್ ನಿಯಮ ಹೇಳಿದಳು. ಪ್ರತಿ ಹುಡುಗಿಯೂ ತನಗೆ ಬಾರದ ಒಂದು ಕೆಲಸವನ್ನು ಕಲಿತು ಮುಂದೆ ನಿಂತು ಮಾಡಿಸಬೇಕು. ದೊಡ್ಡವರು ಬೇರೆ ತುಂಡಿನ ಮೇಲೆ ತೋರಿಸಬಹುದು, ಚಪ್ಪರಕ್ಕೆ ಕೈ ಹಚ್ಚಬಾರದು. "ತೋರಿಸಬಹುದು, ಮಾಡಬಾರದು. ಅಷ್ಟೇ ನಿಯಮ" ಎಂದಳು. ಕೊನೆಗೆ ಬ್ಯಾಡ್ಜು ಕೊಡುವ ದಿನ ಹುಡುಗಿ ಯಾರಿಂದ ಆ ಕೆಲಸ ಕಲಿತಳೋ ಅವರನ್ನೇ ವೇದಿಕೆಗೆ ಕರೆದು ಅವರ ಕೈಯಿಂದ ಬ್ಯಾಡ್ಜು ಚುಚ್ಚಿಸಿಕೊಳ್ಳುತ್ತಾಳೆ, ಅದು ಹಿಂದಿನಿಂದ ಬಂದ ಪದ್ಧತಿ ಎಂದೂ ಹೇಳಿದಳು.

ಟೈಲರಕ್ಕ ಅಷ್ಟು ಹೊತ್ತಿಗೆ ಮನಸ್ಸಿನಲ್ಲೇ ವೇದಿಕೆ ಹತ್ತಿಯಾಗಿತ್ತು. ಯಾವ ಬಟ್ಟೆ ಉಡುವುದೆಂದೂ ಯೋಚಿಸಿಯಾಗಿತ್ತು.

"ನಾನು ಹೊಲಿಗೆ ತಗೋತೀನಿ. ನನಗೆ ಹೊಲಿಗೆ ಬರಲ್ಲ" ಎಂದಳು ಮಗಳು.

ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಟೈಲರಕ್ಕನ ಮಗಳಿಗೆ ಹೊಲಿಗೆ ಬರಲ್ಲವಂತೆ! ಟೈಲರಕ್ಕನೂ ಹಲ್ಲು ಕಿರಿದಳು, ಕಿವಿ ಮಾತ್ರ ಕೆಂಪಾದವು.

"ಯಾರ ಹತ್ರ ಕಲೀತೀಯ?" ಎಂದು ಕ್ಯಾಪ್ಟನ್ ಕೇಳಿದಳು. ಕೇಳಿ ಟೈಲರಕ್ಕನ ಕಡೆ ನೋಡಿ ನಕ್ಕಳು ಕೂಡ.

"ನಿಮ್ಮ ಹತ್ರ" ಎಂದಳು ಮಗಳು. "ಕ್ಯಾಂಪಲ್ಲಿ ಡೇರೆ ಹರಿದಾಗ ನೀವು ಹೊಲಿದ್ರಲ್ಲ, ಹಾಗೆ ಕೈಹೊಲಿಗೆ. ಮಿಷನ್ ಮುಂದೆ ಒಬ್ಬರೇ ಕೂರಬಹುದು. ಕೈಹೊಲಿಗೆ ಆದ್ರೆ ನಾಲ್ಕೂ ಜನ ಸುತ್ತ ಕೂರಬಹುದು."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಟೈಲರಕ್ಕನಿಗೆ ಹೆಚ್ಚು ಉರಿಸಿದ್ದು. ಮನೆಗೆ ಬಂದು ದಪ್ಪ ಸೂಜಿಯನ್ನು ಡಬ್ಬಿಯೊಳಗೆ ಎಸೆದಳು. ಗಂಡನ ಎದುರು ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲಾರ ಎದುರಿಗೆ ನನ್ನ ಮರ್ಯಾದೆ ತೆಗೆದ್ಲು. ಆ ಕ್ಯಾಪ್ಟನ್ನಿಗೆ ಗುಂಡಿ ಹಾಕೋಕೆ ಬರುತ್ತೋ ಇಲ್ವೋ!" ಎಂದಳು.

"ನಿನ್ನ ಹತ್ರ ಡ್ರೈವಿಂಗ್ ಕಲಿ ಅಂದ್ರೆ ನಾನೂ ಬೇರೆಯವರ ಹತ್ರನೇ ಹೋಗ್ತಿದ್ದೆ ಕಣೇ" ಎಂದ ಗಂಡ.

"ನನಗೆ ಡ್ರೈವಿಂಗ್ ಎಲ್ಲಿ ಬರುತ್ತೆ?"

"ಬಾರದೇ ಇದ್ರೂ ಸ್ಟೇರಿಂಗ್ ಕಿತ್ಕೋತೀಯಲ್ಲ."

ಮರುವಾರದಿಂದ ಹೊಲಿಗೆ ಶುರುವಾಯಿತು. ಎರಡು ಅಗಲದ ಕ್ಯಾನ್ವಾಸನ್ನು ನಡುವೆ ಉದ್ದಕ್ಕೆ ಕೂಡಿಸಬೇಕಿತ್ತು. ಆ ಉದ್ದವನ್ನು ನಾಲ್ಕು ಭಾಗ ಮಾಡಿಕೊಂಡು ಒಬ್ಬೊಬ್ಬಳು ಒಂದೊಂದು ಭಾಗಕ್ಕೆ ಕುಳಿತಳು. ಮೇಣ ತಿಕ್ಕಿದ ದಪ್ಪ ದಾರ, ಅಂಗೈಗೆ ಚರ್ಮದ ಪಟ್ಟಿ. ಕ್ಯಾಪ್ಟನ್ ಅಂಗೈಯಗಲದ ಒಂದು ತುಂಡಿನ ಮೇಲೆ ಹೊಲಿಗೆ ಹಾಕಿ ತೋರಿಸಿದ್ದಳು. ಮಗಳು ಆ ತುಂಡನ್ನು ಮನೆಗೆ ತಂದು ಮಂಚದ ಮೇಲಿನ ಗೋಡೆಗೆ ಪಿನ್ನು ಚುಚ್ಚಿ ಸಿಕ್ಕಿಸಿಕೊಂಡಳು. ಟೈಲರಕ್ಕ ಗುಡಿಸುವ ನೆಪದಲ್ಲಿ ದಿನಕ್ಕೆ ಹಲವು ಸಲ ಆ ತುಂಡಿನ ಮುಂದೆ ನಿಲ್ಲುತ್ತಿದ್ದಳು. ಹೊಲಿಗೆ ಕೋಳಿ ಕೆದರಿದ ಹಾಗಿತ್ತು. ಇದಕ್ಕೆ ಗೋಡೆಯ ಮೇಲೆ ಜಾಗ! ತನ್ನ ಹೊಲಿಗೆ ಮಗಳ ಮೈಮೇಲೆ ಇರುತ್ತದೆ ನಿಜ, ಆದರೆ ಅದನ್ನು ಅವಳು ಒಂದು ದಿನವಾದರೂ ಹೀಗೆ ನೋಡಿದ್ದಾಳೆಯೇ? ಒಂದು ಚೂರು ಬಟ್ಟೆಯ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಕಿಚ್ಚು ಕಡಿಮೆಯಾಗಲಿಲ್ಲ.

ಒಂದು ಸಂಜೆ ಗಿರಾಕಿಗೆ ಬಟ್ಟೆ ಕೊಡುವ ನೆಪ ಮಾಡಿಕೊಂಡು ಅವಳು ಗೈಡ್ಸ್ ಕೋಣೆಯ ಕಿಟಕಿಯ ಹತ್ತಿರ ಹೋಗಿ ಇಣುಕಿದಳು. ನಾಲ್ವರು ಹುಡುಗಿಯರು ಕ್ಯಾನ್ವಾಸಿನ ಸುತ್ತ ಕಾಲು ಮಡಚಿ ಕೂತಿದ್ದರು. ಬೇಕರಿಯವನ ಮಗಳು ಏನೋ ಹೇಳಿದಳು, ಉಳಿದವರು ನಕ್ಕು ಉರುಳಾಡಿದರು. ಟೈಲರಕ್ಕನ ಮಗಳ ಹೊಲಿಗೆ ಉಳಿದ ಮೂವರಿಗಿಂತ ಕೆಟ್ಟದಾಗಿತ್ತು, ಕಿಟಕಿಯಿಂದಲೇ ಕಾಣುತ್ತಿತ್ತು. ಕ್ಯಾಪ್ಟನ್ ಬಗ್ಗಿ ನೋಡಿದಳು. ಈಗ ಬೈಯುತ್ತಾಳೆ ಎಂದು ಟೈಲರಕ್ಕ ಕಾದಳು, ಬೈಯಲಿ ಎಂದು ಆಸೆಪಟ್ಟಳು.

"ನಿನ್ನೆಗಿಂತ ಎಷ್ಟು ಚೆನ್ನಾಗಿದೆ! ಇಲ್ಲಿ ಮಾತ್ರ ದಾರ ಬಿಗಿ ಎಳೆದಿದೀಯ, ನೋಡು" ಎಂದಳು ಕ್ಯಾಪ್ಟನ್.

ಮಗಳು ಮುಖ ಎತ್ತಿ ನಕ್ಕಳು. ಆ ನಗುವನ್ನು ಟೈಲರಕ್ಕ ಮನೆಯಲ್ಲಿ ನೋಡಿ ಬಹಳ ದಿನವಾಗಿತ್ತು. ಅವಳು ಅಲ್ಲಿಂದ ಸರಸರನೆ ನಡೆದುಬಿಟ್ಟಳು.

ಹೊಲಿಗೆ ಮುಗಿದ ವಾರ ಗೈಡ್ಸ್ ಕೋಣೆಗೆ ಸುಣ್ಣ ಹೊಡೆಯುವ ಕೆಲಸ ಬಂತು. ಚಪ್ಪರವನ್ನು ಬೇರೆ ಕಡೆ ಇಡಬೇಕಾಯಿತು. ಕ್ಯಾಪ್ಟನ್ ತಾನೇ ಹೊತ್ತುಕೊಂಡು ಟೈಲರಕ್ಕನ ಮನೆಗೆ ಬಂದಳು. "ಅಕ್ಕ, ಬ್ಯಾಡ್ಜಿನ ಪರೀಕ್ಷಕಿ ಬಂದು ನೋಡೋ ದಿನದವರೆಗೆ ಇದು ನಿಮ್ಮ ಹತ್ರ ಇರಲಿ. ಬಟ್ಟೆ ಜೋಪಾನ ಮಾಡೋಕೆ ನಿಮಗಿಂತ ಗೊತ್ತಿರೋರು ಯಾರಿದಾರೆ?" ಎಂದಳು. ಬೆಣ್ಣೆ ಹಚ್ಚುತ್ತಿದ್ದಾಳೆ ಎಂದು ಟೈಲರಕ್ಕ ಮನಸ್ಸಿನಲ್ಲೇ ಮೂಗು ಮುರಿದಳು. "ಇಡಿ ಅಲ್ಲಿ" ಎಂದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಟೈಲರಕ್ಕ ಕ್ಯಾನ್ವಾಸನ್ನು ನೆಲದ ಮೇಲೆ ಹರಡಿದಳು, ಸುಮ್ಮನೆ ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ಮೂರು ಭಾಗ ಪರವಾಗಿಲ್ಲ. ಮಗಳ ಭಾಗ ಕುಡುಕ ನಡೆದ ದಾರಿಯ ಹಾಗಿತ್ತು. ನಾಳೆ ಪರೀಕ್ಷಕಿ ಬರುತ್ತಾಳೆ, ಇದನ್ನು ನೋಡುತ್ತಾಳೆ, ಟೈಲರಕ್ಕನ ಮಗಳಂತೆ ಎಂದು ಯಾರೋ ಹೇಳುತ್ತಾರೆ. ಆ ಕ್ಯಾಪ್ಟನ್ ಕಲಿಸಿದ್ದು ಇಷ್ಟೇ. ಬದಲಿಗೆ ಆ ಭಾಗವೊಂದು ಥಳಥಳ ಹೊಳೆದರೆ? ಎಷ್ಟಾದರೂ ರಕ್ತದಲ್ಲಿ ಬಂದದ್ದು ಎಂದು ಜನ ಹೇಳುವುದಿಲ್ಲವೇ? ಮಗಳಿಗೂ ತಿಳಿಯುತ್ತದೆ, ಹೊಲಿಗೆ ಎಂದರೆ ಯಾವುದು, ಕೋಳಿ ಕೆದರುವುದು ಯಾವುದು ಎಂದು. ಇಷ್ಟು ಯೋಚಿಸುವ ಹೊತ್ತಿಗೆ ಅವಳ ಕೈಯಲ್ಲಿ ಕತ್ತರಿಯಿತ್ತು, ಮಗಳ ಹೊಲಿಗೆ ಅರ್ಧ ಬಿಚ್ಚಿಯಾಗಿತ್ತು.

ಅವಳು ದಡ್ಡಿಯಲ್ಲ. ತೀರಾ ಚೆನ್ನಾಗಿ ಹೊಲಿದರೆ ಸಿಕ್ಕಿಬೀಳುತ್ತೇನೆ ಎಂದು ಗೊತ್ತಿತ್ತು. ಆದ್ದರಿಂದ ಅಲ್ಲಲ್ಲಿ ಬೇಕೆಂದೇ ಸೊಟ್ಟ ಹಾಕಲು ನೋಡಿದಳು. ಜೀವಮಾನವೆಲ್ಲ ನೆಟ್ಟಗೆ ಹೊಲಿದ ಕೈಗೆ ಸೊಟ್ಟ ಹೊಲಿಯುವುದು ಎಷ್ಟು ಕಷ್ಟವೆಂದು ಅವತ್ತು ಅವಳಿಗೆ ತಿಳಿಯಿತು. ಹಲ್ಲು ಕಚ್ಚಿ ಒಂದು ಸೊಟ್ಟ ಹಾಕಿದಳು. ಕೈ ತಾನಾಗಿಯೇ ಮೂರು ನೆಟ್ಟಗೆ ಹಾಕಿತು. ಮತ್ತೆ ಒಂದು ಸೊಟ್ಟ, ಮತ್ತೆ ಮೂರು ನೆಟ್ಟಗೆ. ಮುಗಿಸಿ ದೂರ ನಿಂತು ನೋಡಿ ತೃಪ್ತಿಯಿಂದ ಮಡಿಸಿಟ್ಟಳು.

ಪರೀಕ್ಷಕಿ ವಯಸ್ಸಾದ ನಿವೃತ್ತ ನರ್ಸು, ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದಳು. ಹೊಸ ಸುಣ್ಣದ ವಾಸನೆಯ ಕೋಣೆಯಲ್ಲಿ ಚಪ್ಪರ ಹರಡಿತ್ತು, ಗೋಡೆಯ ಪಕ್ಕ ತಂದೆತಾಯಿಯರು ಕುರ್ಚಿ ಹಾಕಿ ಕೂತಿದ್ದರು. ಮುದುಕಿ ಎರಡೂ ಮೊಣಕಾಲೂರಿ ಹೊಲಿಗೆಯುದ್ದಕ್ಕೂ ಬೆರಳಾಡಿಸಿಕೊಂಡು ಬಂದಳು. "ಇದು ಯಾರದು? ಇದು ಯಾರದು?" ಎಂದು ಕೇಳುತ್ತಾ ಬಂದವಳು ಕೊನೆಯ ಭಾಗಕ್ಕೆ ಬಂದು ನಿಂತಳು. ಕನ್ನಡಕ ಏರಿಸಿದಳು, ಇಳಿಸಿದಳು.

"ಮೂರು ನೆಟ್ಟಗೆ, ಒಂದು ಸೊಟ್ಟ. ಮೂರು ನೆಟ್ಟಗೆ, ಒಂದು ಸೊಟ್ಟ" ಎಂದಳು. "ನಾನು ಎಷ್ಟೋ ಸೊಟ್ಟ ಹೊಲಿಗೆ ನೋಡಿದೀನಮ್ಮ. ಇಷ್ಟು ಅಚ್ಚುಕಟ್ಟಾದ ಸೊಟ್ಟ ನೋಡಿರಲಿಲ್ಲ. ಇದು ಯಾರದು?"

ಮಗಳು ಬಗ್ಗಿ ನೋಡಿದಳು. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಆ ಕೈಯ ಅಂಗಿಗಳನ್ನೇ ತೊಟ್ಟು ಬೆಳೆದವಳು ಅವಳು. ಬಣ್ಣವೆಲ್ಲ ಇಳಿದುಹೋದ ಮುಖದಿಂದ, ಯಾರ ಕಡೆಯೂ ತಿರುಗದೆ, "ಇದು ನನ್ನದಲ್ಲ" ಎಂದಳು.

"ಮತ್ತೆ ಯಾರದು?"

ಉಳಿದ ಮೂವರು ಅವಳನ್ನೇ ನೋಡಿದರು. ಕುರ್ಚಿಯಲ್ಲಿ ಕೂತ ಟೈಲರಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಕ್ಯಾಪ್ಟನ್ ಮುಂದೆ ಬಂದಳು.

"ತಪ್ಪು ನನ್ನದು ಮೇಡಂ. ಚಪ್ಪರ ನನ್ನ ಜವಾಬ್ದಾರಿ. ನಾನು ಕೈಬಿಟ್ಟು ಬೇರೆ ಕಡೆ ಇಟ್ಟೆ. ಹುಡುಗೀರದ್ದು ಏನೂ ತಪ್ಪಿಲ್ಲ."

ಮಗಳು ಕ್ಯಾಪ್ಟನ್ ಕಡೆ ತಿರುಗಿದಳು. ಆ ಕಣ್ಣಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಟೈಲರಕ್ಕನಿಗೆ ನಾಚಿಕೆ, ಭಯ ಎಲ್ಲವೂ ಹಾರಿಹೋಗಿ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು. ಉಗುರು ತಗೊಂಡಳು, ಹೊದಿಕೆ ತಗೊಂಡಳು, ಹೊಲಿಗೆ ತಗೊಂಡಳು. ಈಗ ನನ್ನ ತಪ್ಪನ್ನೂ ಇವಳೇ ತಗೊಂಡು ಹೋಗುವುದೇ? ಅವಳು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತಳು.

"ಅವರದ್ದಲ್ಲ, ನನ್ನದು!" ಎಂದು ಕೂಗಿದಳು. "ಬಿಚ್ಚಿದ್ದು ನಾನು, ಹೊಲಿದದ್ದು ನಾನು. ನನ್ನ ಕೈ ಅದು. ಅವರಿಗೆ ಹಾಗೆ ಹೊಲಿಯೋಕೆ ಬರುತ್ತಾ, ಕೇಳಿ!"

ಸತ್ಯವನ್ನು ಇಷ್ಟು ಸಿಟ್ಟಿನಿಂದ ಹೇಳಿದ ಹೆಂಗಸನ್ನು ಪರೀಕ್ಷಕಿಯೂ ಹಿಂದೆ ನೋಡಿರಲಿಲ್ಲವೆಂದು ಕಾಣುತ್ತದೆ. ಅವಳು ನಿಧಾನವಾಗಿ ಎದ್ದು, ಮೊಣಕಾಲು ತಿಕ್ಕಿಕೊಂಡು ತೀರ್ಪು ಹೇಳಿದಳು. ಈಗ ನಾಲ್ವರಿಗೂ ಇಲ್ಲ. ಆ ಭಾಗ ಬಿಚ್ಚಿ, ಆ ಹುಡುಗಿಯೇ ಮತ್ತೆ ಹೊಲಿಯಲಿ, ಅವಳು ಕೂತಾಗ ಉಳಿದ ಮೂವರೂ ಜೊತೆಗೆ ಕೂರಲಿ. ಮುಂದಿನ ತಿಂಗಳು ಬರುತ್ತೇನೆ.

ಮನೆಗೆ ಬರುವ ದಾರಿಯಲ್ಲಿ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ಮನೆಯಲ್ಲೂ ಮಾತಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಗಂಡನೂ ತಮಾಷೆ ಮಾಡಲಿಲ್ಲ. ಅವನು ತಮಾಷೆ ಮಾಡದಿದ್ದದ್ದೇ ಟೈಲರಕ್ಕನಿಗೆ ಹೆಚ್ಚು ಹೆದರಿಕೆ ತಂದಿತು.

ಮರುಹೊಲಿಗೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಕ್ಯಾಪ್ಟನ್, "ಅಕ್ಕನ ಕೋಣೇಲೇ ಆಗಲಿ, ಬೆಳಕು ಚೆನ್ನಾಗಿದೆ" ಎಂದಳಂತೆ. ಬೇರೆ ಯಾರಾದರೂ ಆಗಿದ್ದರೆ ಆ ಮನೆಯ ಕಡೆ ಮುಖ ಹಾಕುತ್ತಿರಲಿಲ್ಲ. ಸಂಜೆ ಹುಡುಗಿಯರೂ ಕ್ಯಾಪ್ಟನ್ನೂ ಬಂದು ನೆಲದ ಮೇಲೆ ಕೂತರು. ಮಗಳು ಕ್ಯಾನ್ವಾಸಿನ ತುದಿ ಎಳೆದುಕೊಂಡು ಕಿಟಕಿಯ ಕೆಳಗೆ ಬೆನ್ನು ಹಾಕಿ ಕೂತಳು. ಉಳಿದ ಮೂವರಿಗೆ ಮಾಡಲು ಏನೂ ಇರಲಿಲ್ಲ. ಕ್ಯಾಪ್ಟನ್ ಒಂದು ಚೂರುಬಟ್ಟೆ ಎತ್ತಿಕೊಂಡು, "ಅಕ್ಕ, ಸುಮ್ಮನೆ ಕೂರೋ ಬದಲು ನಮಗೂ ಒಂದಿಷ್ಟು ತೋರಿಸ್ತೀರಾ? ನನಗೆ ದಾರದ ಕೊನೆ ಮುಚ್ಚೋದು ಇವತ್ತಿಗೂ ಬರಲ್ಲ" ಎಂದಳು.

ಟೈಲರಕ್ಕ ಅವಳ ಮುಖ ನೋಡಿದಳು. ಕೊಂಕಿರಲಿಲ್ಲ. ಮಿಷನ್ನಿನ ಹಿಂದಿನಿಂದ ಎದ್ದು ಬಂದು ಕೂತಳು. ಒಂದು ವಾರದೊಳಗೆ ಅವಳು ಬೇಕರಿಯವನ ಮಗಳಿಗೆ ನೆರಿಗೆ ಹಿಡಿಯುವುದನ್ನೂ ಕ್ಯಾಪ್ಟನ್ನಿಗೆ ದಾರದ ಕೊನೆ ಅಡಗಿಸುವುದನ್ನೂ ತೋರಿಸುತ್ತಿದ್ದಳು. ಕ್ಯಾಪ್ಟನ್ ಬೆರಳಿಗೆ ಸೂಜಿ ಚುಚ್ಚಿಕೊಂಡು "ಅಯ್ಯೋ" ಎಂದಾಗ ಟೈಲರಕ್ಕನಿಗೆ ಆದ ಸಂತೋಷ ಹೇಳತೀರದು. ಅವರ ಚೂರುಗಳನ್ನು ಕೈಯಲ್ಲಿ ಹಿಡಿದು, "ಇಲ್ಲಿ ನೋಡಿ, ಇಲ್ಲಿ ಸ್ವಲ್ಪ ಬಿಗಿಯಾಯ್ತು" ಎಂದು ತಾನೂ ಬೈಯದೆ ಹೇಳಬಲ್ಲೆನೆಂದು ಅವಳಿಗೇ ಆಶ್ಚರ್ಯವಾಯಿತು.

ಕಿಟಕಿಯ ಕೆಳಗಿನ ಬೆನ್ನು ದಿನದಿನಕ್ಕೆ ಬಿಗಿಯಾಗುತ್ತಾ ಬಂತು. ಇಲ್ಲಿ ನಗು ಎದ್ದಾಗಲೆಲ್ಲ ಅಲ್ಲಿ ದಾರ ಪಟ್ಟೆಂದು ಹರಿಯುತ್ತಿತ್ತು. ಟೈಲರಕ್ಕ ಓರೆಗಣ್ಣಿನಿಂದ ನೋಡಿದಳು. ಊದಿದ ಮುಖ, ಉಬ್ಬಿದ ಮೂಗಿನ ಹೊಳ್ಳೆ. ಕನ್ನಡಿಯಲ್ಲಿ ತಿಂಗಳುಗಟ್ಟಲೆ ತಾನೇ ನೋಡಿದ ಮುಖ ಅದು. ಮಗಳಿಗೆ ಹೊಟ್ಟೆಕಿಚ್ಚು! ತನ್ನ ಕ್ಯಾಪ್ಟನ್ನನ್ನು ಅಮ್ಮ ಕಿತ್ತುಕೊಂಡಳೆಂದು ಹೊಟ್ಟೆಕಿಚ್ಚು! ಟೈಲರಕ್ಕನಿಗೆ ಒಳಗೆ ಸಿಹಿ ತಿಂದ ಹಾಗಾಯಿತು.

ಎಲ್ಲರೂ ಹೋದ ಮೇಲೆ ಅವಳು ಮಗಳ ಪಕ್ಕ ಕೂತು, ನಗು ತಡೆದುಕೊಂಡು ಕೇಳಿದಳು. "ಏನೇ, ನಿನ್ನ ಕ್ಯಾಪ್ಟನ್ ನನ್ನ ಜೊತೆ ಮಾತಾಡಿದ್ರೆ ನಿನಗೆ ಉರಿಯುತ್ತಾ?"

ಮಗಳು ಸೂಜಿ ಕೆಳಗಿಟ್ಟಳು.

"ಅವರನ್ನ ನೋಡಿ ಅಲ್ಲ" ಎಂದಳು. "ಆ ಬೇಕರಿಯವಳನ್ನ ನೋಡಿದ್ರೆ ಉರಿಯುತ್ತೆ. ಮೂರು ದಿನದಿಂದ ಅದೇ ನೆರಿಗೆ ಕೆಡಿಸ್ತಿದಾಳೆ, ಮತ್ತೆ ಮಾಡು ಅಂತ ಅವಳ ಕೈಗೇ ಕೊಡ್ತೀಯ. ನನ್ನ ಕೈಗೆ ಯಾವತ್ತಾದ್ರೂ ಕೊಟ್ಟಿದೀಯಾ? ನಾನು ಗೊಂಬೆಗೆ ಅಂಗಿ ಹೊಲಿದೆ, ಶಾಲೆಯಿಂದ ಬರೋದ್ರೊಳಗೆ ಅದು ನಂದಾಗಿರಲಿಲ್ಲ. ಎಲ್ಲಾರಿಗೂ ಹೇಳ್ಕೊಂಡು ನಗ್ತೀಯ. ಅವತ್ತು ರಾತ್ರಿ ನಾನು ಆ ಗೊಂಬೆನ ಕಸದ ಬುಟ್ಟಿಗೆ ಹಾಕಿದ್ದೆ, ಗೊತ್ತಾ? ಆಮೇಲೆ ನಾನು ಸೂಜಿ ಮುಟ್ಟಲೇ ಇಲ್ಲ. ಹೊಲಿಗೆ ಬರಲ್ಲ ಅಂದಿದ್ದು ಸುಳ್ಳಲ್ಲ ಅಮ್ಮ. ನನಗೆ ನಿಜವಾಗ್ಲೂ ಬರಲ್ಲ."

ಗೊಂಬೆ ಎಲ್ಲಿ ಹೋಯಿತೆಂದು ಟೈಲರಕ್ಕ ಯಾವತ್ತೂ ಯೋಚಿಸಿರಲಿಲ್ಲ. ಅಂಗಿಯ ಗುಂಡಿಗಳು ಮಾತ್ರ ನೆನಪಿದ್ದವು. ಏನಾದರೂ ಮಾಡಬೇಕೆಂದು ಅವಸರದಿಂದ ಒಂದು ಚೂರುಬಟ್ಟೆ ಎಳೆದುಕೊಂಡು, "ಬಾ ಇಲ್ಲಿ, ಈಗ ಹೇಳಿಕೊಡ್ತೀನಿ, ಸೂಜಿ ಹೀಗೆ ಹಿಡಿ" ಎಂದು ಮಗಳ ಬೆರಳು ಹಿಡಿದಳು.

ಮಗಳು ಬೆರಳು ಬಿಡಿಸಿಕೊಂಡಳು. "ಈಗ ಬೇಡ. ಇದನ್ನ ಅವರು ಹೇಳಿಕೊಟ್ಟ ಹಾಗೇ ಮುಗಿಸ್ತೀನಿ. ನೀನು ಸುಮ್ನೆ ಕೂತ್ಕೋ."

ಟೈಲರಕ್ಕ ಕೂತಳು. ಕೈಗಳನ್ನು ನಂಬಲಾಗದೆ ಎರಡನ್ನೂ ಕಂಕುಳಲ್ಲಿ ಅದುಮಿಕೊಂಡಳು. ಮಗಳು ಹೊಲಿದಳು. ಸೂಜಿ ಪಕ್ಕಕ್ಕೆ ಹೋಯಿತು, ದಾರ ಗಂಟಾಯಿತು, ಹೊಲಿಗೆ ಅಂಕುಡೊಂಕಾಗಿ ಮುಂದೆ ಸಾಗಿತು. ಒಂದೊಂದು ಹೊಲಿಗೆಯೂ ತನ್ನ ಚರ್ಮದ ಮೇಲೇ ಬಿದ್ದ ಹಾಗೆ ಟೈಲರಕ್ಕ ಮುಖ ಹಿಂಡುತ್ತಿದ್ದಳು. ಮುಗಿಯುವವರೆಗೆ ಪ್ರತಿದಿನ ಹಾಗೆಯೇ ಕೂತಳು.

ಪರೀಕ್ಷಕಿ ಬಂದು ಈ ಸಲ ಕನ್ನಡಕವನ್ನೂ ಏರಿಸದೆ ಒಪ್ಪಿಕೊಂಡಳು. ಚಪ್ಪರ ಬಸ್‌ ಸ್ಟಾಪಿಗೆ ಹೋಯಿತು.

ಬ್ಯಾಡ್ಜು ಕೊಡುವ ದಿನ ಟೈಲರಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಕರೆಯುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಬೇಕರಿಯವನ ಮಗಳು ಗಂಟು ಕಲಿಸಿದ ಚಿಕ್ಕಪ್ಪನನ್ನು ಕರೆದಳು. ಟೈಲರಕ್ಕನ ಮಗಳ ಸರದಿ ಬಂತು. ಅವಳು ಅಮ್ಮನ ಕಡೆ ಒಂದು ಕ್ಷಣ ನೋಡಿದಳು. ಟೈಲರಕ್ಕನ ಕಾಲು ಏಳಲು ಸಿದ್ಧವಾಯಿತು.

"ನಾನು ಹೊಲಿಗೆ ಕಲಿತದ್ದು ನಮ್ಮ ಕ್ಯಾಪ್ಟನ್ ಹತ್ರ" ಎಂದಳು ಮಗಳು. 

ಹೇಳಿದ್ದು ನಿಜವೇ. ಗಂಡ ಮೆಲ್ಲಗೆ ಟೈಲರಕ್ಕನ ಮೊಣಕೈ ಹಿಡಿದ. ಅವಳು ಕೈ ಬಿಡಿಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕಣ್ಣು ಉರಿಯುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ವೇದಿಕೆಯ ಮೇಲೆ ಕ್ಯಾಪ್ಟನ್ ಖುಷಿಯ ಅವಸರದಲ್ಲಿ ಬ್ಯಾಡ್ಜನ್ನು ಓರೆಯಾಗಿ ಚುಚ್ಚಿದಳು. ಅದೂ ಯಾವುದರ ಮೇಲೆ? ಟೈಲರಕ್ಕ ಎರಡನೆಯ ಹೊಲಿಗೆ ಹಾಕಿದ ಜೇಬಿನ ಮೇಲೆ!

ಮನೆಗೆ ಹೋಗಲು ಆಸ್ಪತ್ರೆಯ ಎದುರಿನ ಸ್ಟಾಪಿಗೆ ಬಂದರು. ಗಂಡ ಬಸ್ಸಿನ ಸಮಯ ವಿಚಾರಿಸಲು ಹೋದ. ಚಪ್ಪರದ ನೆರಳಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿದ ಹೆಂಗಸೊಬ್ಬಳು ಕೂತಿದ್ದಳು, ಟೈಲರಕ್ಕನ ಹಳೆಯ ಗಿರಾಕಿ. ಮೇಲೆ ನೋಡಿ, "ನೆರಳು ಚೆನ್ನಾಗಿದೆ ಟೈಲರಕ್ಕ. ಆದ್ರೆ ಆ ತುದೀಲಿ ಹೊಲಿಗೆ ಸೊಟ್ಟ ಹೋಗಿದೆ, ನೀವು ನೋಡಲಿಲ್ವಾ?" ಎಂದಳು.

"ನೋಡ್ದೆ" ಎಂದಳು ಟೈಲರಕ್ಕ. "ಮುಟ್ಟಲಿಲ್ಲ."

ಮಗಳು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು. ತನ್ನ ಜೇಬು ನೋಡಿಕೊಂಡು, "ಅಮ್ಮ, ಬ್ಯಾಡ್ಜ್ ಓರೆ ಇದೆಯಲ್ವಾ?" ಎಂದಳು.

"ಇದೆ."

"ಸರಿ ಮಾಡಲ್ವಾ?"

ಟೈಲರಕ್ಕನ ಕೈ ಅರ್ಧ ದಾರಿಯವರೆಗೆ ಹೋಗಿಬಿಟ್ಟಿತ್ತು. ಅದನ್ನು ಅಲ್ಲಿಂದ ಹಿಂದಕ್ಕೆ ತಂದಳು. ತಂದು, ತನ್ನದೇ ಎದೆಯ ಮೇಲೆ ಒಂದು ಬೆರಳಿಟ್ಟು ತೋರಿಸಿದಳು. "ಇಲ್ಲಿ ನೋಡು. ಎಡಗಡೆ ಸ್ವಲ್ಪ ಮೇಲೆ. ಪಿನ್ ತೆಗೆದು ಮತ್ತೆ ಚುಚ್ಚು."

ಮಗಳು ತುಟಿ ಕಚ್ಚಿಕೊಂಡು, ಅಮ್ಮನ ಬೆರಳನ್ನು ನೋಡುತ್ತಾ ನೋಡುತ್ತಾ ಪಿನ್ನು ತೆಗೆದಳು, ಚುಚ್ಚಿದಳು. ಮುಂಚೆ ಎಡಕ್ಕೆ ಓರೆ ಇದ್ದದ್ದು ಈಗ ಬಲಕ್ಕೆ ಓರೆಯಾಯಿತು.

"ಈಗ?"

ಟೈಲರಕ್ಕ ಬ್ಯಾಡ್ಜನ್ನು ನೋಡಿದಳು, ಮಗಳ ಮುಖ ನೋಡಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನೆಟ್ಟಗಿದೆ" ಎಂದಳು.